ಕ್ರಿಶ್ಚಿಯನ್ ದೆವ್ವವೂ ಗಂಗಮ್ಮನ ಹದಿನೆಂಟು ಗುಂಟೆಯೂ

2023ನೇ ಇಸವಿ. ನಾನಾಗ ಅಜ್ಜಂಪುರ ತಾಲ್ಲೂಕಿನಲ್ಲಿ ಪರವಾನಗಿ ಭೂಮಾಪಕ, ಅಂದರೆ ಲೈಸೆನ್ಸ್ಡ್ ಸರ್ವೇಯರ್. ಸರ್ಕಾರಿ ನೌಕರನಲ್ಲ. ಸರ್ಕಾರ ಕೊಟ್ಟ ಲೈಸೆನ್ಸ್ ಇಟ್ಟುಕೊಂಡು ಜನರ ಜಮೀನು ಅಳೆದು ನಕ್ಷೆ ಮಾಡಿಕೊಡುವವನು. ಮನೆ ತರೀಕೆರೆಯಲ್ಲಿ. ಹೆಸರು ಅಂತೋಣಿ. ಈ ಹೆಸರು ಹೇಳಿದ ಮೇಲೆ ನಮ್ಮ ಕಡೆ ಜಾತಿ ಕೇಳುವ ಕಷ್ಟ ಯಾರಿಗೂ ಇರುವುದಿಲ್ಲ. ಅದರ ಬದಲು, “ನಿಮ್ಮೋರು ದೆವ್ವ ಬಿಡಿಸ್ತಾರಂತಲ್ಲ ಸಾರ್, ನಿಮಗೂ ಬತ್ತದಾ?” ಎಂದು ಕೇಳುತ್ತಾರೆ. ಸಿನಿಮಾದವರು ಮಾಡಿದ ಉಪಕಾರ ಇದು. ಎಲ್ಲ ಮಂತ್ರವಾದಿಗಳೂ ಸೋತ ಮೇಲೆ ಕೊನೆಯ ಹತ್ತು ನಿಮಿಷದಲ್ಲಿ ಬಿಳಿ ನಿಲುವಂಗಿ ತೊಟ್ಟ ಪಾದ್ರಿಯೊಬ್ಬ ಶಿಲುಬೆ ಹಿಡಿದುಕೊಂಡು ಬರುತ್ತಾನಲ್ಲ, ಜನ ಅವನನ್ನೂ ನನ್ನನ್ನೂ ಒಂದೇ ಖಾತೆಗೆ ಹಾಕಿದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ನಾವು ಕಥೋಲಿಕರು. ನಮ್ಮ ನಂಬಿಕೆಯಲ್ಲಿ ಸತ್ತವರಿಗೆ ರಜೆ ಇಲ್ಲ. ಪ್ರಾಣ ಹೋದ ಕ್ಷಣವೇ ದೇವರ ಮುಂದೆ ಹಾಜರಿ. ಅಲ್ಲಿಂದ ಸ್ವರ್ಗ, ಇಲ್ಲವೇ ನರಕ, ಇಲ್ಲವೇ ಆತ್ಮ ತೊಳೆದುಕೊಂಡು ಶುದ್ಧವಾಗುವ ನಡುವಿನ ಜಾಗ. ಹುಣಸೆ ಮರದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂರುವ ನಾಲ್ಕನೇ ಏರ್ಪಾಡು ನಮ್ಮಲ್ಲಿ ಇಲ್ಲ. ನವೆಂಬರ್ ಎರಡನೇ ತಾರೀಕು ಸಮಾಧಿಗಳ ಹತ್ತಿರ ಹೋಗಿ ಮೇಣದಬತ್ತಿ ಹಚ್ಚುತ್ತೇವೆ ನಿಜ. ಅದು ಅವರನ್ನು ಕರೆಯುವುದಕ್ಕಲ್ಲ, ಅವರಿಗಾಗಿ ದೇವರನ್ನು ಬೇಡುವುದಕ್ಕೆ. ದುಷ್ಟಶಕ್ತಿ ಇದೆ ಎಂದು ಒಪ್ಪುತ್ತೇವೆ. ಆದರೆ ಅದು ಹೋದ ವರ್ಷ ತೀರಿಕೊಂಡ ಪಕ್ಕದ ಮನೆ ನಿಂಗಜ್ಜ ಅಲ್ಲ. ಅದನ್ನು ಬಿಡಿಸಬೇಕಾದರೂ ಬಿಷಪ್ಪರ ಅಪ್ಪಣೆ ಪಡೆದ ಪಾದ್ರಿಯೇ ಬೇಕು. ನನಗಿರುವ ಲೈಸೆನ್ಸು ಜಮೀನು ಅಳೆಯುವುದಕ್ಕೆ ಮಾತ್ರ.

ಇಷ್ಟೆಲ್ಲ ನನ್ನ ತಲೆಗೆ ಗೊತ್ತು. ತೋಳಿನ ಮೇಲಿನ ಕೂದಲಿಗೆ ಗೊತ್ತಿಲ್ಲ. ಅದು ಆಗಾಗ ತಾನೇ ಎದ್ದು ನಿಲ್ಲುತ್ತದೆ.

ಫೆಬ್ರವರಿಯಲ್ಲಿ ಗಂಗಮ್ಮ ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ಶಿವನಿ ರೈಲ್ವೆ ಸ್ಟೇಷನ್ನಿನಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರು. ಊರಿನ ಹೆಸರು ಬೇಡ, ಅಲ್ಲಿ ನನಗೆ ಇನ್ನೂ ಕೆಲಸ ಇದೆ. ಐವತ್ತರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ವಾಪಸು ಬಂದು, ಅಣ್ಣನ ಮನೆಯ ಹಿಂದೆ ದನದ ಕೊಟ್ಟಿಗೆಯ ಅರ್ಧಕ್ಕೆ ತಗಡು ಹೊದಿಸಿಕೊಂಡು ಒಂಬತ್ತು ವರ್ಷ ಕಳೆದಿದ್ದರು. ಅಪ್ಪ ಸಾಯುವ ಮುಂಚೆ ಬರೆಸಿದ ವಿಭಾಗ ಪತ್ರದಲ್ಲಿ ಇವರಿಗೆ ಹದಿನೆಂಟು ಗುಂಟೆ ಬಂದಿತ್ತು. ಸರ್ಕಾರದ ಮನೆ ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಆದರೆ ಮಾರ್ಚ್ ಮುಗಿಯುವುದರೊಳಗೆ ಜಾಗ ತನ್ನ ಹೆಸರಿಗೆ ಬೇರೆ ಖಾತೆ ಆಗಿರಬೇಕು, ಇಲ್ಲವಾದರೆ ಆ ಮನೆ ಪಟ್ಟಿಯಲ್ಲಿ ಮುಂದೆ ಹೆಸರಿರುವವರಿಗೆ ಹೋಗುತ್ತದೆ. ಬೇರೆ ಖಾತೆಗೆ 11ಇ ನಕ್ಷೆ ಬೇಕು. ಒಂದು ಸರ್ವೆ ನಂಬರಿನಲ್ಲಿ ಇವರ ಭಾಗ ಇಷ್ಟು, ಇಂಥ ಕಡೆ ಎಂದು ಅಳೆದು ತೋರಿಸುವ ನಕ್ಷೆ ಅದು. ಅದನ್ನು ಮಾಡುವವನು ನಾನು.

“ಅಳ್ತೆ ಆಮೇಲೆ ಸಾರ್. ಅದ್ಕೂ ಮುಂಚೆ ನೀವು ಒಂದ್ ಮಾತು ಆಡ್ಬೇಕು” ಎಂದರು ಗಂಗಮ್ಮ.

“ನಿಮ್ಮ ಅಣ್ಣನ ಹತ್ರನಾ?”

“ಅಣ್ಣನ ಹತ್ರ ನಾನೇ ಆಡ್ತೀನಿ. ನೀವು ದೊರೆ ಹತ್ರ ಆಡಿ.”

ದೊರೆ ಅಂದರೆ ಅವರ ಹದಿನೆಂಟು ಗುಂಟೆಯಲ್ಲಿ ಮಲಗಿರುವ ಬ್ರಿಟಿಷರವನು. ರೈಲು ಹಳಿ ಹಾಕುವ ಕಾಲದಲ್ಲಿ ಬಂದವನು, ಅಲ್ಲೇ ಸತ್ತವನು, ಹೂತದ್ದೂ ಅಲ್ಲೇ. ಹೇಗೆ ಸತ್ತ ಎನ್ನುವುದರಲ್ಲಿ ಮಾತ್ರ ಊರಿನಲ್ಲಿ ಮೂರು ಪಕ್ಷ: ಜ್ವರ, ಹಾವು, ಕುದುರೆ. ಬೇಲಿ ಹಾಕಲು ಬಂದ ಆಳುಗಳು ಅವನನ್ನು ಕಂಡು ಗುದ್ದಲಿ ಬಿಟ್ಟು ಓಡಿದ್ದರು. ಮುಂಚೆ ಬಂದಿದ್ದ ಸರ್ವೇಯರನ ಬೈಕು ಅಲ್ಲೇ ನಿಂತುಹೋಗಿ, ಊರಾಚೆ ತಳ್ಳಿಕೊಂಡು ಬಂದ ಮೇಲೆ ಸ್ಟಾರ್ಟ್ ಆಗಿತ್ತು. ದೊರೆ ಯಾರಿಗೂ ಹೊಡೆದವನಲ್ಲ, ಬಡಿದವನಲ್ಲ. ಟೋಪಿ ಹಾಕಿಕೊಂಡು ಬಂದು ಟೈಮು ಕೇಳುತ್ತಾನಂತೆ, ಅಷ್ಟೇ.

“ನಮ್ ಕಡೆ ಅಯ್ನೋರು ಬಂದು ವಿಭೂತಿ ಹಾಕಿದ್ರು, ಕೇಳ್ಲಿಲ್ಲ. ಎಂಗ್ ಕೇಳ್ತಾನೆ, ಅವ್ನು ನಿಮ್ಮೋನಲ್ವಾ? ನೀವು ಇಂಗ್ಲಿಷ್ನಾಗೆ ಹೇಳಿ ಸಾರ್. ಇಲ್ಲೊಂದು ಬಡ ಹೆಂಗ್ಸು ಮನೆ ಕಟ್ಕೊಂತಾಳೆ, ಒಂಚೂರು ಸರ್ಕೊಳಪ್ಪಾ ಅಂತ.”

ಸತ್ತವರ ಜೊತೆ ನಾವು ಮಾತಾಡುವುದಿಲ್ಲ ಎಂದು ವಿವರಿಸಿದೆ. ಗಂಗಮ್ಮ ಪೂರ್ತಿ ಕೇಳಿಸಿಕೊಂಡು, “ಆಗ್ಲಿ ಸಾರ್, ಯಾವತ್ತು ಬತ್ತೀರಾ?” ಎಂದರು.

ಅಳತೆಯ ಹಿಂದಿನ ದಿನ ನಮ್ಮ ಚರ್ಚಿನ ಫಾದರಿಗೆ ಫೋನು ಮಾಡಿದೆ. ಅವರಿಗೆ ನನ್ನ ಬಾಲ್ಯದಿಂದಲೂ ನನ್ನ ಪರಿಚಯ, ಹಾಗಾಗಿ ಮರ್ಯಾದೆ ಕೊಡುವುದಿಲ್ಲ.

“ಫಾದರ್, ಸತ್ತವರ ಹತ್ರ ಮಾತಾಡಬಹುದಾ?”

“ಯಾವ ಭಾಷೇಲಿ?”

“ಇಂಗ್ಲಿಷಲ್ಲಿ.”

“ನಿನ್ನ ಇಂಗ್ಲಿಷಲ್ಲಾ? ಪಾಪ ಕಣೋ, ಒಂದ್ಸಲ ಸತ್ತಿದ್ದಾನೆ, ಬಿಟ್ಟುಬಿಡು.” ಆಮೇಲೆ ಸ್ವಲ್ಪ ಗಂಭೀರವಾದರು. “ನೋಡು, ಸತ್ತವರಿಗಾಗಿ ಪ್ರಾರ್ಥನೆ ಮಾಡಬಹುದು. ಸತ್ತವರನ್ನ ಕರೆದು ಮಾತಾಡಿಸಬಾರದು. ಇಷ್ಟೇ ವ್ಯತ್ಯಾಸ. ಮೊದಲನೇದು ಪ್ರೀತಿ, ಎರಡನೇದು ಅಧಿಕಪ್ರಸಂಗ. ಅಲ್ಲೊಬ್ಬ ಮಲಗಿದ್ದಾನೆ ಅಂದ್ರೆ ಅವನಿಗೋಸ್ಕರ ಮಂಡಿಯೂರಿ ಒಂದು ಪ್ರಾರ್ಥನೆ ಹೇಳು. ಪಾಪ, ಇಷ್ಟು ವರ್ಷದಲ್ಲಿ ಯಾರೂ ಹೇಳಿರಲ್ಲ. ಆಮೇಲೆ ನಿನ್ನ ಕೆಲಸ ನೋಡ್ಕೊ.”

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಜಮೀನಿನಲ್ಲಿದ್ದೆವು. ಜೊತೆಗೆ ತಿಮ್ಮಯ್ಯ. ಟೇಪು ಹಿಡಿಯುವುದರಲ್ಲಿ ಮೂವತ್ತು ವರ್ಷದ ಅನುಭವ, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಬಾಯಿಯಲ್ಲಿ ಇನ್ನೂ ದೊಡ್ಡವರು. ಅವರ ಹೆಂಡತಿಯ ತವರು ಅದೇ ಊರು. ಅಂಗಿಯ ಜೇಬಿನಲ್ಲಿ ನಿಂಬೆಹಣ್ಣು ಉಬ್ಬಿಕೊಂಡಿತ್ತು. ನಾನು ನೋಡಿದ್ದನ್ನು ನೋಡಿ, “ಶರಬತ್ತಿಗೆ ಸಾರ್” ಎಂದರು. ನನ್ನ ಚೀಲದ ಒಳಖಾನೆಯಲ್ಲಿ ಅಮ್ಮ ಕೊಟ್ಟ ಜಪಮಾಲೆ ಇತ್ತು. ಹಾಗಾಗಿ ನಾನೂ ಹೆಚ್ಚು ಕೆದಕಲಿಲ್ಲ.

ದೊರೆಯ ಜಾಗ ನೋಡಿದೆ. ಆರಡಿ ಉದ್ದದ ಕಲ್ಲುಮಣ್ಣಿನ ಗುಡ್ಡೆ, ಅದರ ತಲೆಯ ಹತ್ತಿರ ಎರಡೂವರೆ ಅಡಿಯ ಕಲ್ಲು, ಹಿಂದಕ್ಕೆ ವಾಲಿಕೊಂಡಿತ್ತು. ಕಲ್ಲಿಗೆ ಬೆರಳುದಪ್ಪ ಸುಣ್ಣ, ಸುಣ್ಣದ ಮೇಲೆ ಕರಿ ಬಣ್ಣದಲ್ಲಿ ಶಿಲುಬೆ. ಮೇಲೊಂದು ತಗಡಿನ ನೆರಳು. ಸುತ್ತ ಮೇಣದಬತ್ತಿಯ ಕರಗಿದ ಗುಪ್ಪೆ, ಬೀಡಿ ಕಟ್ಟು, ಬಿಸ್ಕತ್ತು, ಒಂದು ಖಾಲಿ ಬ್ರಾಂದಿ ಕ್ವಾರ್ಟರು. ಅರಿಶಿನ ಕುಂಕುಮದ ಗುರುತೂ ಇಲ್ಲ.

“ಕುಂಕುಮ ಇಟ್ರೆ ಸಿಟ್ಟು ಮಾಡ್ಕೊಂತಾನೆ ಸಾರ್, ಅವ್ನ ಜಾತೀಲಿ ಇಲ್ವಲ್ಲ” ಎಂದು ತಿಮ್ಮಯ್ಯ ವಿವರಿಸಿದರು. “ಪ್ರತಿ ಭಾನ್ವಾರ ಮೇಣದಬತ್ತಿ. ಡಿಸೆಂಬರ್‌ನಾಗೆ ಬೇಕ್ರಿ ಕೇಕು. ಬ್ರಾಂದಿ ಇಟ್ರೆ ಬೆಳಗ್ಗೆಗೆ ಖಾಲಿ ಇರ್ತದೆ. ಅದೊಂದು ಸಾಕಲ್ವಾ ಸಾಕ್ಷಿಗೆ?”

ಗೊತ್ತಿಲ್ಲದ ಧರ್ಮದವನೊಬ್ಬನಿಗೆ ಅವನ ಪದ್ಧತಿ ಏನಿರಬಹುದು ಎಂದು ಊಹಿಸಿ, ಅವನಿಗೆ ನೋವಾಗದ ಹಾಗೆ ಇಷ್ಟು ವರ್ಷ ನೋಡಿಕೊಂಡಿದ್ದಾರೆ. ನನಗೆ ನಗುವೂ ಬಂತು, ಗೌರವವೂ ಬಂತು.

ಅಷ್ಟರಲ್ಲಿ ಗಂಗಮ್ಮನ ಅಣ್ಣ ಮಹೇಶಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮುಖದಲ್ಲಿ ಧಾರಾಳ ನಗು.

“ಏನ್ ಸಾರ್, ಇವ್ಳ ಮಾತು ಕಟ್ಕೊಂಡು ದೆವ್ವ ಓಡ್ಸೋಕೆ ಬಂದ್ರಾ? ದೆವ್ವನೂ ಇಲ್ಲ, ಗಿವ್ವನೂ ಇಲ್ಲ. ಯಾವ್ದೋ ಕಾಲದ ಕಲ್ಲು. ಈ ಕಾಲ್ದಲ್ಲೂ ಇವೆಲ್ಲ ನಂಬ್ತಾರಲ್ಲ, ನಾಚ್ಕೆ ಆಗ್ಬೇಕು. ಇವ್ಳು ಧೈರ್ಯವಾಗಿ ಮನೆ ಕಟ್ಲಿ.”

ಇವನೊಬ್ಬ ತಿಳಿವಳಿಕೆಯ ಮನುಷ್ಯ ಎಂದು ನನಗೆ ಸಂತೋಷವಾಯಿತು.

ನಾನು ಚಪ್ಪಲಿ ಬಿಟ್ಟು ಗುಡ್ಡೆಯ ಮುಂದೆ ಮಂಡಿಯೂರಿದೆ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಯನ್ನು ಕನ್ನಡದಲ್ಲೇ ಹೇಳಿದೆ. ಹೆಸರು ಹೇಳುವ ಜಾಗ ಬಂದಾಗ ತಡವರಿಸಿದೆ. ಹಿಂದಿನಿಂದ ತಿಮ್ಮಯ್ಯ, “ಜಾನು ಅಂತ ಇಟ್ಕೊಳಿ ಸಾರ್, ಅವ್ರಲ್ಲಿ ಸುಮಾರು ಜನ ಜಾನೇ” ಎಂದು ಪಿಸುಗುಟ್ಟಿದರು. ಬೇಡ, ದೇವರಿಗೆ ಹೆಸರು ಗೊತ್ತಿರುತ್ತದೆ ಎಂದು ಹಾಗೇ ಮುಂದುವರಿಸಿದೆ. ದೂರದ ನೆಲದಿಂದ ಬಂದು ತನ್ನವರು ಯಾರೂ ಇಲ್ಲದ ಕಡೆ ಮಣ್ಣಾದವನು ಎಂದು ನೆನೆದಾಗ ನಿಜವಾಗಿಯೂ ಕಣ್ಣು ಒದ್ದೆಯಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನದನ್ನು ಓದಿ ನೀವು ನಗುವಾಗ ಈ ಒದ್ದೆ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎದ್ದೆ. ಗಂಗಮ್ಮ ಆಸೆಯಿಂದ ಕೇಳಿದರು, “ಏನಂದ ಸಾರ್?”

“ಅವನಿಗೆ ಹೇಳಿಲ್ಲಮ್ಮ, ಅವನ ಪರವಾಗಿ ದೇವರಿಗೆ ಹೇಳಿದೆ.”

“ಮೇಲಿನ ಆಫೀಸಿಗೇ ಹಾಕಿದ್ರಾ? ಅದೂ ಒಳ್ಳೇದೇ ಬಿಡಿ.”

ಕೆಲಸ ಶುರುವಾಯಿತು. ವಿಭಾಗ ಪತ್ರದಲ್ಲಿ ಬರೆದದ್ದು ಸ್ಪಷ್ಟ: ಈಶಾನ್ಯ ಮೂಲೆಯ ಬಾಂದುಕಲ್ಲಿನಿಂದ ದಕ್ಷಿಣಕ್ಕೆ ಆರು ಸರಪಳಿ, ಪಶ್ಚಿಮಕ್ಕೆ ಮೂರು ಸರಪಳಿ. ಬಾಂದುಕಲ್ಲು ಅಂದರೆ ಗಡಿ ಗುರುತಿಗೆ ನೆಟ್ಟ ಕಲ್ಲು. ಸರಪಳಿ ಅಂದರೆ ಮೂವತ್ಮೂರು ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಆರು ಮೂರಲ ಹದಿನೆಂಟು. ಲೆಕ್ಕ ಸರಿ. ಮೂಲೆಯ ಕಲ್ಲು ಯಾವುದು ಎಂದು ಕೇಳಿದೆ.

ಮಹೇಶಪ್ಪ ಉತ್ತರದ ಕಡೆ ಬಂಡೆಗಳ ನಡುವೆ ನಿಂತಿದ್ದ ಒಂದು ಕಲ್ಲು ತೋರಿಸಿದ. ಅಲ್ಲಿಂದ ಅಳೆದರೆ ಗಂಗಮ್ಮನ ಪಾಲಿನ ಮೇಲ್ಭಾಗವೆಲ್ಲ ಬರೀ ಬಂಡೆ, ನಡುವಿಗೆ ದೊರೆ, ಕೆಳಗೆ ಮಾತ್ರ ಸ್ವಲ್ಪ ಮಣ್ಣು. ಅಲ್ಲಿಂದ ಕೆಳಕ್ಕೆ ಮಹೇಶಪ್ಪನ ತೆಂಗಿನ ಮರಗಳು ಶುರು.

ನಾನು ಯಾವಾಗಲೂ ಒಂದು ಮೂಲೆ ನಂಬಿ ಅಳೆಯುವುದಿಲ್ಲ. ಪೂರ್ವದ ಗಡಿಯ ತೆಂಕಣ ತುದಿಯಲ್ಲಿ, ರಸ್ತೆಯ ಮೋರಿಯ ಪಕ್ಕ, ಹಳೆಯ ಕಲ್ಲೊಂದು ಗಟ್ಟಿಯಾಗಿ ಇತ್ತು. ಅಲ್ಲಿಂದ ಮಹೇಶಪ್ಪನ ಕಲ್ಲಿನವರೆಗೆ ಅಳೆದೆವು. ಹದಿನಾರು ಸರಪಳಿ ನಾಲ್ಕಾಣೆ. ಟಿಪ್ಪಣಿ ತೆಗೆದು ನೋಡಿದೆ. ಟಿಪ್ಪಣಿ ಅಂದರೆ ಮೊದಲ ಸರ್ವೆ ಮಾಡಿದವರು ಬರೆದಿಟ್ಟ ಅಳತೆಯ ಹಾಳೆ, ಸರ್ವೇಯರಿಗೆ ಅದೇ ಜಾತಕ. ಅದರಲ್ಲಿ ಹದಿನಾಲ್ಕು ಸರಪಳಿ ನಾಲ್ಕಾಣೆ.

ಎರಡು ಸರಪಳಿ ಹೆಚ್ಚು. ಅರವತ್ತಾರು ಅಡಿ ಭೂಮಿ ತಾನಾಗಿ ಬೆಳೆದಿತ್ತು.

“ಮಹೇಶಪ್ಪನೋರೇ, ಈ ಕಲ್ಲು ಮೂಲೆ ಕಲ್ಲಲ್ಲ ಅನ್ಸುತ್ತೆ.”

“ಅಪ್ಪನ ಕಾಲದಿಂದ ಅದೇ ಸಾರ್.” ನಗು ಅಷ್ಟೇ ಧಾರಾಳ.

ಸರಿ, ನಿಜವಾದ ಕಲ್ಲು ಎರಡು ಸರಪಳಿ ಕೆಳಗೆ ಎಲ್ಲೋ ಇರಬೇಕು. ಟಿಪ್ಪಣಿಯಲ್ಲಿ ಆ ಮೂಲೆಗೆ ಮೂರು ಊರಿನ ಗಡಿ ಸೇರುವ ಗುರುತು ಇತ್ತು. ಅಂಥ ಕಡೆ ದೊಡ್ಡ ಕಲ್ಲೇ ನೆಟ್ಟಿರುತ್ತಾರೆ. ಹುಡುಕಿದೆವು. ಕತ್ತಾಳೆ ಮೆಳೆ ಕಡಿದೆವು, ಲಂಟಾನ ಸವರಿದೆವು, ಹುತ್ತದ ಪಕ್ಕ ಕೋಲಿನಿಂದ ತಟ್ಟಿದೆವು. ಹನ್ನೆರಡಾಯಿತು, ಒಂದಾಯಿತು. ಬಿಸಿಲಿಗೆ ಕೊಡೆ ಬಿಚ್ಚಿ ದೊರೆಯ ಕಲ್ಲಿಗೆ ಒರಗಿಸಿದೆ. ಟಿಪ್ಪಣಿ ಹಾರದಿರಲಿ ಎಂದು ಅದರ ತಗಡಿನ ಕೆಳಗೆ ಇಟ್ಟೆ. ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದೆ. ಊಟ ಮಾಡುತ್ತಾ ಕಲ್ಲಿಗೆ ಬೆನ್ನು ಕೊಟ್ಟು, “ಇಷ್ಟು ದೊಡ್ಡ ಕಲ್ಲು ಎಲ್ಲಿಗೆ ಹೋಗುತ್ತೆ ತಿಮ್ಮಯ್ಯ?” ಎಂದು ಕೇಳಿದ ಮನುಷ್ಯ ನಾನು.

ಊಟವಾದ ಮೇಲೆ ಕೊನೆಯ ಉಪಾಯ. ಗೊತ್ತಿರುವ ಎರಡು ಕಲ್ಲುಗಳಿಂದ ಟಿಪ್ಪಣಿಯ ದೂರವನ್ನು ಅಳೆದುಕೊಂಡು ಬಂದರೆ ಅವೆರಡೂ ಸೇರುವ ಬಿಂದುವೇ ಮೂಲೆ. ಮೋರಿಯ ಕಲ್ಲಿನಿಂದ ಹದಿನಾಲ್ಕು ಸರಪಳಿ ನಾಲ್ಕಾಣೆ ಹಿಡಿದು ತಿಮ್ಮಯ್ಯ ಬಂದರು. ಪಶ್ಚಿಮದಲ್ಲಿ ಇನ್ನೊಂದು ಹಳೆಯ ಕಲ್ಲಿತ್ತು. ಅಲ್ಲಿಂದ ಒಂಬತ್ತು ಸರಪಳಿ ಎಂಟಾಣೆ ಹಿಡಿದು, ಟೇಪಿನ ತುದಿ ಕೈಯಲ್ಲಿಟ್ಟುಕೊಂಡು ಗಂಗಮ್ಮ ಬಂದರು. ನಾನು ಪುಸ್ತಕದಲ್ಲಿ ಬರೆಯುತ್ತಾ ತಲೆ ತಗ್ಗಿಸಿದ್ದೆ. ಇಬ್ಬರ ಹೆಜ್ಜೆಯೂ ಒಂದೇ ಕಡೆ ನಿಂತದ್ದು ಗೊತ್ತಾಯಿತು.

“ಸಾರ್,” ಎಂದರು ಗಂಗಮ್ಮ, “ಎರಡು ಟೇಪೂ ದೊರೆ ತಲೆ ಮ್ಯಾಲೇ ಬತ್ತಾವಲ್ಲ?”

ತಲೆ ಎತ್ತಿದೆ. ನನ್ನ ಕೊಡೆ, ನನ್ನ ಡಬ್ಬಿ, ಅವುಗಳ ನಡುವೆ ಎರಡು ಟೇಪಿನ ತುದಿಗಳು ಸುಣ್ಣದ ಕಲ್ಲನ್ನು ಮುಟ್ಟಿಕೊಂಡಿದ್ದವು.

ಹಳೆಯ ಕಾಲದ ಮುಖ್ಯ ಬಾಂದುಕಲ್ಲುಗಳ ತಲೆಯ ಮೇಲೆ ಒಂದು ಕೂಡು ಗುರುತು ಕೆತ್ತುತ್ತಿದ್ದರು. ಎರಡು ಗೀಟು ಕತ್ತರಿಸುವ ಜಾಗವೇ ಸರಪಳಿ ಹಿಡಿಯುವ ಬಿಂದು. ಮೂರು ಊರಿನ ಗಡಿ ಸೇರುವ ಕಡೆ, ಕಲ್ಲು ಕಾಣೆಯಾಗದಿರಲಿ ಎಂದು ಪಕ್ಕದಲ್ಲಿ ಕಲ್ಲುಮಣ್ಣಿನ ಗುಡ್ಡೆ ಹಾಕುತ್ತಿದ್ದರು. ಇದನ್ನು ನಾನು ತರಬೇತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸ್ ತೆಗೆದುಕೊಂಡಿದ್ದೇನೆ. ಹಿಂದೂ ಸರ್ವೇಯರ್ ಒಬ್ಬ ತಲೆ ಕೆಡಿಸಿಕೊಳ್ಳದೆ ನೋಡಿದ್ದರೆ ಎರಡು ನಿಮಿಷದಲ್ಲಿ ಗುರುತಿಸುತ್ತಿದ್ದ. ನಾನು ಹುಟ್ಟಿದಾಗಿನಿಂದ ಗುಡ್ಡೆ ಮತ್ತು ಶಿಲುಬೆಯನ್ನು ಒಟ್ಟಿಗೆ ಕಂಡದ್ದು ನಮ್ಮ ಸಮಾಧಿ ಭೂಮಿಯಲ್ಲಿ. ಕಲ್ಲು ಕಾಣುವ ಮೊದಲೇ ನನ್ನ ಕಣ್ಣಿಗೆ ಅಜ್ಜ ಅಜ್ಜಿ ಕಂಡುಬಿಟ್ಟಿದ್ದರು.

ನೀರು ತರಿಸಿ, ಬ್ರಷ್ಷಿನಿಂದ ಸುಣ್ಣ ಉಜ್ಜಿದೆವು. ಪದರ ಪದರವಾಗಿ ಎದ್ದು ಬಂತು. ಒಳಗೆ ಕೆತ್ತಿದ ಗುರುತು ಸಿಕ್ಕಿತು. ನಮ್ಮ ಶಿಲುಬೆಗೆ ಕಾಲು ಉದ್ದ ಇರುತ್ತದೆ. ಈ ಗುರುತಿಗೆ ನಾಲ್ಕು ಕಡೆಯೂ ಸಮ. ಉದ್ದದ ಕಾಲು ಎಳೆದವನು ಊರಿನ ಯಾವನೋ ಭಕ್ತ, ಕರಿ ಬಣ್ಣದಲ್ಲಿ.

ತಿಮ್ಮಯ್ಯ ಗುರುತಿನ ಮೇಲೆ ಬೆರಳಾಡಿಸಿದರು. “ಅಂದ್ರೆ ಸಾರ್, ಮೂವತ್ತು ವರ್ಷದಿಂದ ಮಾವನ ಮನೆಗೆ ಬಂದಾಗೆಲ್ಲ ನಾನು ಸರ್ವೆ ಕಲ್ಲಿಗೆ ಮೇಣದಬತ್ತಿ ಹಚ್ಚಿದೀನಾ?”

“ನಾನು ಈಗ ತಾನೇ ಅದರ ಆತ್ಮಶಾಂತಿಗೆ ಪ್ರಾರ್ಥನೆ ಮಾಡಿದೀನಲ್ಲ.”

“ಬ್ರಾಂದಿ ಖಾಲಿ ಮಾಡ್ತಿದ್ದೋರು ಯಾರು ಹಂಗಾದ್ರೆ?”

ಈ ಹೊತ್ತಿಗೆ ಊರಿನ ಹತ್ತು ಹದಿನೈದು ಜನ ಸೇರಿದ್ದರು. ಅದರಲ್ಲಿ ಇಬ್ಬರು ಆಕಾಶ ನೋಡಿದರು.

ಮಹೇಶಪ್ಪ ಮಾತ್ರ ನಗುವುದನ್ನು ನಿಲ್ಲಿಸಿದ್ದ. ಅವನಿಗೆ ಲೆಕ್ಕ ನನಗಿಂತ ಬೇಗ ತಿಳಿದಿತ್ತು. ಇದೇ ಮೂಲೆಯಾದರೆ ಮೇಲಿನ ಬಂಡೆ ಜಾಗ ಅವರ ಜಮೀನೇ ಅಲ್ಲ. ಗಂಗಮ್ಮನ ಹದಿನೆಂಟು ಗುಂಟೆ ಇಲ್ಲಿಂದ ಶುರುವಾಗಿ, ಅವನು ತೋರಿಸಿದ್ದಕ್ಕಿಂತ ಎರಡು ಸರಪಳಿ ಕೆಳಕ್ಕೆ ಇಳಿಯುತ್ತದೆ. ಕಪ್ಪು ಮಣ್ಣು, ಕಾಯಿ ಬಿಡುವ ಹನ್ನೊಂದು ತೆಂಗಿನ ಮರ, ಎಲ್ಲ ತಂಗಿಯ ಪಾಲು.

“ಅದು ಸಮಾಧಿನೇ ಸಾರ್” ಎಂದ.

“ಬೆಳಗ್ಗೆ ಯಾವ್ದೋ ಕಾಲದ ಕಲ್ಲು ಅಂದ್ರಲ್ಲ?”

“ಬೆಳಗ್ಗೆ ತಮಾಷೆಗಂದೆ. ದೊರೆ ಇದಾನೆ. ನಾನೇ ಎಷ್ಟೋ ಸತಿ ನೋಡಿದೀನಿ. ಟೋಪಿ ಹಾಕ್ಕೊಂಡು... ಎತ್ತರದ ಆಳು.” ನೆರೆದವರ ಕಡೆ ತಿರುಗಿ ಗಂಟಲು ಏರಿಸಿದ. “ಏನಪ್ಪಾ, ತಾತನ ಕಾಲದಿಂದ ನಡ್ಕೊಂಡು ಬಂದ ದೊರೇನ ಇವ್ರು ಕಲ್ಲು ಅಂತಾವ್ರೆ! ಸಾರ್, ನೀವು ಕ್ರಿಶ್ಚಿಯನ್ನರಾಗಿ ಕ್ರಿಶ್ಚಿಯನ್ ಸಮಾಧಿ ತೊಳ್ದಿದೀರಾ. ನಿಮ್ ಚರ್ಚಿಗೆ ಬರೀತೀನಿ. ತಹಶೀಲ್ದಾರ್‌ಗೂ ಬರೀತೀನಿ.”

ಈ ವಿಚಿತ್ರ ನೋಡಿ. ಬೆಳಿಗ್ಗೆ ಆ ಜಾಗದಲ್ಲಿ ದೆವ್ವ ಇಲ್ಲ ಎನ್ನುತ್ತಿದ್ದವನು ಅವನೊಬ್ಬನೇ. ಮಧ್ಯಾಹ್ನ ಮೂರಕ್ಕೆ ಪ್ರತ್ಯಕ್ಷ ಕಂಡವನೂ ಅವನೇ. ಆದರೆ ಅವನ ಬೆದರಿಕೆಯಲ್ಲಿ ಹುರುಳಿತ್ತು. ಸಮಾಧಿ ಎಂದು ತಕರಾರು ಅರ್ಜಿ ಬಿದ್ದರೆ ಅಳತೆ ನಿಲ್ಲುತ್ತದೆ, ವಿಚಾರಣೆ ತಿಂಗಳುಗಟ್ಟಲೆ ನಡೆಯುತ್ತದೆ, ಗಂಗಮ್ಮನ ಮಾರ್ಚ್ ಮುಗಿಯುತ್ತದೆ. ಅವನಿಗೆ ಗೆಲ್ಲಬೇಕಾಗಿಯೇ ಇರಲಿಲ್ಲ, ತಡ ಮಾಡಿದರೆ ಸಾಕಿತ್ತು.

ಫಾದರಿಗೆ ಮತ್ತೆ ಫೋನು ಮಾಡಿದೆ. ನಾನು ಕಲ್ಲಿಗೆ ಪ್ರಾರ್ಥನೆ ಮಾಡಿದ ಸುದ್ದಿ ಕೇಳಿ ಆ ಕಡೆ ಬಹಳ ಹೊತ್ತು ಬರೀ ಉಸಿರಿನ ಸದ್ದು. ನಗು ತಡೆದುಕೊಳ್ಳುತ್ತಿದ್ದರು.

“ಪ್ರಾರ್ಥನೆ ದಂಡ ಆಗಲ್ಲ ಬಿಡು, ಯಾರೂ ಕೇಳೋರಿಲ್ಲದ ಯಾವುದೋ ಆತ್ಮಕ್ಕೆ ಸೇರಿರುತ್ತೆ. ಈಗ ಏನು, ಅಲ್ಲಿ ಅಗೀಬೇಕಾ? ನಿನಗೆ ಅದು ಗಡಿಕಲ್ಲು ಅಂತ ಖಾತ್ರಿ ಇದೆಯಾ?”

“ಅಳತೆ ಪ್ರಕಾರ ಖಾತ್ರಿ ಇದೆ ಫಾದರ್.”

“ಮತ್ತೆ ಯಾಕೆ ನಡುಗ್ತಿದೀಯಾ? ಗುಡ್ಡೆ ಮುಟ್ಟಬೇಡ, ಕಲ್ಲಿನ ಬುಡ ಮಾತ್ರ ನೋಡು. ಒಂದು ಮೂಳೆ ಕಂಡರೂ ನಿಲ್ಲಿಸಿ ನನ್ನ ಕರಿ, ನಾನೇ ಬಂದು ಮರ್ಯಾದೆಯಾಗಿ ಮುಚ್ಚಿಸ್ತೀನಿ. ಒಂದು ಮಾತು ಹೇಳ್ತೀನಿ ಕೇಳು ಅಂತೋಣಿ. ನಮ್ಮ ಧರ್ಮಗ್ರಂಥಕ್ಕೆ ಅಲೆಯೋ ದೆವ್ವದ ಮೇಲಿನ ಸಿಟ್ಟಿಗಿಂತ ಗಡಿಕಲ್ಲು ಸರಿಸೋನ ಮೇಲಿನ ಸಿಟ್ಟು ಜಾಸ್ತಿ.”

ಹಿಂದಿನವರು ಗಡಿಕಲ್ಲಿನ ಬುಡದಲ್ಲಿ ಇದ್ದಿಲು ಹಾಕಿ ನೆಡುತ್ತಿದ್ದರು. ಕಲ್ಲು ಯಾರಾದರೂ ಕಿತ್ತರೂ ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಕದಿಯುವ ಆಸೆಯೂ ಯಾರಿಗೂ ಬರುವುದಿಲ್ಲ. ಬುಡದಲ್ಲಿ ಇದ್ದಿಲು ಸಿಕ್ಕರೆ ಪಂಚನಾಮೆ ಬರೆದು ಊರವರ ಸಹಿ ಹಾಕಿಸಿ ಅವತ್ತೇ ಮುಗಿಸಬಹುದು. ಅ‌ಗೆಯುವ ಮುಂಚೆಯೇ ಎಲ್ಲರಿಗೂ ಕೇಳುವ ಹಾಗೆ ಇದನ್ನು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆದರೆ ಹಾರೆ ಹಿಡಿಯುವವರು ಯಾರೂ ಇಲ್ಲ. ತಿಮ್ಮಯ್ಯ ಬೆನ್ನುನೋವು ಎಂದರು. ಬೆಳಿಗ್ಗೆಯಿಂದ ಇರಲಿಲ್ಲ. ನಾನು ಹಾರೆಗೆ ಕೈ ಹಾಕಿದೆ. ಹೇಳಿದೆನಲ್ಲ, ತೋಳಿನ ಕೂದಲು. ಒಂದು ಗಳಿಗೆ ಹಾಗೇ ನಿಂತೆ.

ಗಂಗಮ್ಮ ಬಂದು ನನ್ನ ಕೈಯಿಂದ ಹಾರೆ ಇಸಿದುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಲೇ ಗಂಗೀ, ಬ್ಯಾಡ ಕಣೇ! ದೊರೆ ಸುಮ್ನೆ ಬಿಡಲ್ಲ!” ಎಂದ ಮಹೇಶಪ್ಪ.

“ಒಂಬತ್ ವರ್ಷ ಕೊಟ್ಟಿಗೇಲಿ ಮಲಗಿದೀನಿ ಅಣ್ಣಯ್ಯ. ಎದ್ದು ಬರ್ಲಿ ಬಿಡು ನಿನ್ ದೊರೆ. ಟೈಮೇ ತಾನೆ ಕೇಳೋದು? ಮೂರೂವರೆ ಅಂತ ಹೇಳ್ತೀನಿ.”

ಹಾರೆ ಇಳಿಯಿತು. ಮೊದಲ ಅಡಿಯಲ್ಲಿ ಕೆಮ್ಮಣ್ಣು, ಬೇರು. ಒಂದೂವರೆ ಅಡಿಗೆ ಮಣ್ಣಿನ ಬಣ್ಣ ಬದಲಾಯಿತು. ಗಂಗಮ್ಮ ಹಾರೆ ಬಿಟ್ಟು ಕೈ ಹಾಕಿದರು. ಕೈ ಮೇಲೆ ಬಂದಾಗ ಅಂಗೈಯಲ್ಲಿ ಕರಿ ತುಂಡುಗಳು.

“ಸುಟ್ಟವ್ರೆ! ದೊರೇನ ಸುಟ್ಟವ್ರೆ!” ಎಂದು ಮಹೇಶಪ್ಪ ಕೂಗಿದ. ಅದು ಅವನ ಕೊನೆಯ ಪ್ರಯತ್ನ.

“ಕ್ರಿಶ್ಚಿಯನ್ನರನ್ನ ಆ ಕಾಲದಲ್ಲಿ ಸುಡ್ತಿರಲಿಲ್ಲ ಮಹೇಶಪ್ಪನೋರೇ. ಇದು ಮರದ ಇದ್ದಿಲು. ಬೇಕಾದ್ರೆ ನೀವೇ ಮುಟ್ಟಿ ನೋಡಿ.”

ಅವನು ಮುಟ್ಟಲಿಲ್ಲ. ಮಿಕ್ಕವರೆಲ್ಲ ಮುಟ್ಟಿದರು, ಮೂಸಿದರು, ಒಬ್ಬ ಮುದುಕರು ಹಲ್ಲಿಗೆ ಉಜ್ಜಿಯೂ ನೋಡಿ “ಇದ್ದಿಲೇ” ಎಂದು ತೀರ್ಪು ಕೊಟ್ಟರು. ಪಂಚನಾಮೆ ಬರೆದೆ. ಊರವರು ಸಾಲಾಗಿ ಸಹಿ ಹಾಕಿದ ಮೇಲೆ ಮಹೇಶಪ್ಪನಿಗೂ ಬೇರೆ ದಾರಿ ಇರಲಿಲ್ಲ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ನಕ್ಷೆ ಮಾರ್ಚ್ ಎರಡನೇ ವಾರ ಮಂಜೂರಾಯಿತು, ತಿಂಗಳು ಮುಗಿಯುವ ಮುಂಚೆ ಖಾತೆಯೂ ಆಯಿತು.

ಒಂದು ದೆವ್ವವನ್ನಾದರೂ ಕಡಿಮೆ ಮಾಡಿದೆ ಎಂದು ನಾನು ಅಂದುಕೊಂಡಿದ್ದೆ. ನಮ್ಮ ಜನ ನನಗಿಂತ ಬುದ್ಧಿವಂತರು. ಎರಡು ತಿಂಗಳಾದ ಮೇಲೆ ತಿಮ್ಮಯ್ಯ ಮಾವನ ಮನೆಯಿಂದ ವರದಿ ತಂದರು. ದೊರೆ ರೈಲಿನವನಲ್ಲವಂತೆ, ಆ ಕಲ್ಲು ನೆಟ್ಟ ಸರ್ವೆ ದೊರೆಯಂತೆ. ಇಷ್ಟು ವರ್ಷ ಅವನು ಕೇಳುತ್ತಿದ್ದದ್ದು ಟೈಮಲ್ಲ, ಅಳತೆಯಂತೆ. ಪರಂಗಿ ಭಾಷೆ ಯಾರಿಗೂ ತಿಳಿಯಲಿಲ್ಲವಂತೆ. ಕೊನೆಗೆ ಅವನ ಜಾತಿಯ ಸರ್ವೇಯರೊಬ್ಬ ಬಂದು ಮಂಡಿಯೂರಿ ಕೇಳಿದಾಗ ಗಡಿ ಎಲ್ಲಿದೆ ಎಂದು ತೋರಿಸಿಕೊಟ್ಟನಂತೆ. ಆ ಸರ್ವೇಯರು ನಾನು. ಈಗ ಮೂರು ಊರಿನವರೂ ಒತ್ತುವರಿ ಜಗಳ ಬಂದರೆ ಆ ಕಲ್ಲಿನ ಮುಂದೆ ನಿಂತು ಆಣೆ ಮಾಡುತ್ತಾರೆ. ಕೆಲವರು ಆಣೆ ಮಾಡುವ ಮುಂಚೆಯೇ ರಾಜಿಯಾಗುತ್ತಾರೆ. ಕಂದಾಯ ಇಲಾಖೆಗೆ ಸಿಗದ ಯಶಸ್ಸು ಇದ್ದಿಲಿಗೆ ಸಿಕ್ಕಿದೆ.

ನಾನು ಸಿಕ್ಕವರಿಗೆಲ್ಲ ಹೇಳಿದೆ, ಅಲ್ಲಿ ಯಾರೂ ಇಲ್ಲ, ನಮ್ಮ ನಂಬಿಕೆಯಲ್ಲಿ ಸತ್ತವರು ವಾಪಸು ಬರುವುದಿಲ್ಲ ಎಂದು. “ದೊಡ್ಡೋರು, ಹೇಳ್ಕೊಳಲ್ಲ” ಎಂದು ನನ್ನ ವಿನಯವನ್ನು ಮೆಚ್ಚಿದರು.

ಮುಂದಿನ ವರ್ಷದ ಬೇಸಿಗೆಯಲ್ಲಿ ಮಹೇಶಪ್ಪ ತರೀಕೆರೆಗೆ ಬಂದು ನಮ್ಮ ಮನೆಯ ಬಾಗಿಲು ತಟ್ಟಿದ. ಇಸ್ತ್ರಿ ಇಲ್ಲದ ಅಂಗಿ. ಕಾಫಿ ಕೊಟ್ಟರೆ ಲೋಟ ತಿರುಗಿಸುತ್ತಾ ಕೂತ.

“ಸಾರ್, ತಂಗಿ ಮನೆ ಗೋಡೆ ಎದ್ದೈತೆ. ತೆಂಗಿನ ಕಡೆ ಬೇಲಿ ಒಂಚೂರು ಅವ್ಳ ಕಡೆ ಹೋಗ್ಬಿಟ್ಟೈತೆ. ಮೂರು, ಮೂರೂವರೆ ಅಡಿ. ಒಂದ್ಸತಿ ಬಂದು ಅಳ್ದು ಸರಿ ಮಾಡ್ಕೊಡಿ.”

“ಬೇಲಿ ಹೇಗೆ ಹೋಗುತ್ತೆ ಮಹೇಶಪ್ಪನೋರೇ?”

“ನಾನೇ ಹಾಕ್ಸಿದ್ದು.” ಲೋಟ ಇನ್ನೊಂದು ಸುತ್ತು ತಿರುಗಿಸಿ, “ಅವ್ಳು ನೋಡಿದ್ಲು. ಒಂದ್ ಮಾತೂ ಆಡ್ಲಿಲ್ಲ. ಸಂಜೆ ಹೋಗಿ ಕಲ್ಲಿನ ಹತ್ರ ಸುಮ್ನೆ ಕೂತ್ಕೊಂಡ್ಳು, ಅಷ್ಟೆ. ಅವತ್ತಿಂದ ನಂಗೆ ನಿದ್ದೆ ಇಲ್ಲ.”

ಈ ಭಯವನ್ನು ಹಾಗೇ ಬಿಟ್ಟರೆ ಗಂಗಮ್ಮನಿಗೆ ಲಾಭ. ಆದರೆ ಸುಳ್ಳಿನ ಮೇಲೆ ಗಡಿ ನಿಲ್ಲಿಸುವುದು ನನ್ನ ಕೆಲಸವಲ್ಲ. ಅದೂ ಅಲ್ಲದೆ ಇಷ್ಟು ದಿನ ಎಲ್ಲರಿಗೂ ಹೇಳಿದ್ದನ್ನು ಇವನೊಬ್ಬನಿಗೆ ಹೇಳದೆ ಬಿಟ್ಟರೆ ಫಾದರಿಗೆ ಮುಖ ತೋರಿಸುವುದು ಕಷ್ಟ. ಹೇಳಿದೆ.

“ನೋಡಿ, ಅಲ್ಲಿ ಯಾವ ದೊರೆನೂ ಇಲ್ಲ. ಇದ್ದಿಲು ನೀವೇ ನೋಡಿದ್ದೀರಾ. ಸತ್ತವರು ಗಡಿ ದಾಟಿ ಬರಲ್ಲ, ದಾಟೋರೆಲ್ಲ ಬದುಕಿರೋರೇ. ನಿಮಗೆ ಯಾರೂ ಏನೂ ಮಾಡಲ್ಲ.”

ಮಹೇಶಪ್ಪ ಲೋಟ ಕೆಳಗಿಟ್ಟ.

“ಗೊತ್ತು ಸಾರ್. ದೊರೆ ಇದ್ದಿದ್ರೆ ಒಂದ್ ಕ್ವಾರ್ಟ್ರು ಇಟ್ಟು ಸಮಾಧಾನ ಮಾಡ್ತಿದ್ದೆ. ಇಲ್ವಲ್ಲ, ಅದೇ ತಾಪತ್ರಯ. ಯಾವತ್ತು ಬತ್ತೀರಾ?”

ಇಪ್ಪತ್ತು ವರ್ಷ ಟೇಪು ಹಿಡಿದು ನಾನು ಕಲಿತದ್ದು ಇಷ್ಟೇ. ಜಮೀನಿನ ಗಡಿಯನ್ನು ನಾನು ಎಷ್ಟೇ ಸರಿಯಾಗಿ ತೋರಿಸಲಿ, ಬೇಲಿಯನ್ನು ಹಿಂದಕ್ಕೆ ಹಾಕಬೇಕಾದವನು ಹಾಕಿದವನೇ. ಅವನು ತಾನಾಗಿ ಬಂದು ಕರೆದ ದಿನ ಬೇರೆ ಕೆಲಸ ಎಷ್ಟಿದ್ದರೂ ಬಿಟ್ಟು ಹೋಗಬೇಕು. ನಾನು ಚಪ್ಪಲಿ ಮೆಟ್ಟಿಕೊಂಡೆ.

“ಈಗಲೇ ಹೋಗೋಣ, ನಡೀರಿ” ಎಂದೆ.